ಬಿಳಿ ಬೋಟಿನ ಬಿರುಕು

ಕುಂದಾಪುರದ ಕೋಡಿಯಲ್ಲಿ, ಹೊಳೆ ಸಮುದ್ರ ಸೇರುವ ಅಳಿವೆಗೆ ಅರ್ಧ ಮೈಲು ಒಳಗೆ, ತಗಡಿನ ಮಾಡಿನ ಒಂದು ಶೆಡ್ಡಿತ್ತು. ಅಲ್ಲಿ ಲೀಲಾಧರ ಎಂಬವನು ಫೈಬರ್ ದೋಣಿಗಳನ್ನು ರಿಪೇರಿ ಮಾಡುತ್ತಿದ್ದ. ಗಂಗೊಳ್ಳಿಯಿಂದ ಹಂಗಾರಕಟ್ಟೆಯವರೆಗೆ ಯಾರ ದೋಣಿ ಬಂಡೆಗೆ ತಾಗಿದರೂ ಅವನ ಹತ್ತಿರವೇ ಬರುತ್ತಿತ್ತು. ಕೆಲಸಕ್ಕೆ ಕೈಹಾಕುವ ಮೊದಲು ಅವನು ಸಣ್ಣದೊಂದು ಮರದ ಕೊಡತಿ ಹಿಡಿದು ದೋಣಿಯ ಮೈಯನ್ನು ಮೂತಿಯಿಂದ ಹಿಂಬದಿಯವರೆಗೆ ತಟ್ಟಿಕೊಂಡು ಹೋಗುತ್ತಿದ್ದ. ಗಟ್ಟಿ ಇದ್ದ ಕಡೆ ಟಣ್ ಎಂದು ಸದ್ದು ಬರುತ್ತಿತ್ತು. ಒಳಗಿನ ಪದರ ಬಿಟ್ಟಿದ್ದರೆ ಅಥವಾ ನೀರು ಕುಡಿದಿದ್ದರೆ ದೊಬ್ ಎನ್ನುತ್ತಿತ್ತು. ಆ ಎರಡು ಸದ್ದುಗಳ ನಡುವೆ ಇನ್ನೂ ಹತ್ತು ಸದ್ದುಗಳಿವೆ ಎಂದು ಅವನು ಹೇಳುತ್ತಿದ್ದ. ಉಳಿದವರಿಗೆ ಅದು ಕೇಳಿಸುತ್ತಿರಲಿಲ್ಲ.

ಈ ವಿದ್ಯೆ ಅವನಿಗೆ ಬಂದದ್ದು ಮುಂಬೈಯಲ್ಲಿ. 1997ರಲ್ಲಿ, ಇಪ್ಪತ್ತೈದನೆಯ ವಯಸ್ಸಿಗೆ, ಮೀನುಗಾರಿಕೆ ಬಿಟ್ಟು ಅಲ್ಲಿನ ಒಂದು ಬೋಟು ಕಾರ್ಖಾನೆಗೆ ಸೇರಿದ್ದ. ದುಡ್ಡಿದ್ದವರು ಭಾನುವಾರ ಸಮುದ್ರದಲ್ಲಿ ಸುತ್ತಾಡುವುದಕ್ಕೆ ಇಟ್ಟುಕೊಳ್ಳುವ ಬೋಟುಗಳು ಅಲ್ಲಿ ತಯಾರಾಗುತ್ತಿದ್ದವು. ಬಾಗಿಲಷ್ಟು ದೊಡ್ಡ ಗಾಜಿನ ನೂಲಿನ ಮ್ಯಾಟ್ ಹಾಸಿ, ಅದರ ಮೇಲೆ ರೆಸಿನ್ ಎಂಬ ಅಂಟು ಸುರಿದು, ರೋಲರಿನಲ್ಲಿ ಒತ್ತಿ ಒತ್ತಿ ಗಾಳಿ ಹೊರಡಿಸುವ ಕೆಲಸವನ್ನು ಎಂಟು ವರ್ಷ ಮಾಡಿದ. ಯಾವ ಬೋಟಿನ ಒಳಗೆ ಏನಿದೆ, ಯಾವುದಕ್ಕೆ ಬರೀ ಹೊಳಪು ಮಾತ್ರ ಎಂದು ಅವನ ಕೈಗೆ ಗೊತ್ತಾಗತೊಡಗಿತು. ರೆಸಿನ್ನಿನ ವಾಸನೆಗೆ ಉಸಿರಾಟ ಕೆಟ್ಟಾಗ ಊರಿಗೆ ಮರಳಿ ಈ ಶೆಡ್ಡು ಹಾಕಿದ. ಹೆಂಡತಿ ಸುಗುಣ ಕುಂದಾಪುರದ ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಿದ್ದಳು. ಮಕ್ಕಳಿರಲಿಲ್ಲ. ಸುಗುಣಳ ತಮ್ಮ ಜಿತೇಂದ್ರನನ್ನು ಹತ್ತನೆಯ ವಯಸ್ಸಿನಿಂದ ಅವಳೇ ಸಾಕಿದ್ದಳು. ಅವನೀಗ ಮೂವತ್ತರ ಗಂಡಸು, ಟ್ರಾಲರ್ ಬೋಟಿನ ತಾಂಡೇಲ. ಬೋಟು ನಡೆಸುವುದರಲ್ಲಿ ಗಂಗೊಳ್ಳಿ ಬಂದರಿನಲ್ಲೇ ಎತ್ತಿದ ಕೈ.

2009ರ ಸೆಪ್ಟೆಂಬರಿನಲ್ಲಿ ಶಾಮರಾಯರು ಶೆಡ್ಡಿಗೆ ಬಂದರು. ಸಾಲಿಗ್ರಾಮದ ಕಡೆಯವರು. ಹುಬ್ಬಳ್ಳಿಯಲ್ಲಿ ಬಹಳ ವರ್ಷ ಹೋಟೆಲು ನಡೆಸಿ, ಈಗ ಹೊಳೆಯ ದಂಡೆಯ ಮೇಲೆ ರೆಸಾರ್ಟ್ ಕಟ್ಟಿಸಿದ್ದರು. ಅದನ್ನು ನೋಡಿಕೊಳ್ಳುತ್ತಿದ್ದ ಮಗಳು ಯಾಮಿನಿಯೂ ಜೊತೆಗಿದ್ದಳು.

"ರೆಸಾರ್ಟಿಗೆ ಒಂದ್ ಬೋಟ್ ಬೇಕ್ ಲೀಲಾಧರ. ಗೋವಾದಿಂದ ಎರಡ್ ತರ್ಸಿದ್ದೆ. ಎರಡೂ ಹಳೇದೇ. ಯಾವ್ದ್ ಇಟ್ಕಂಬುದ್, ಯಾವ್ದ್ ವಾಪಾಸ್ ಕಳ್ಸುದ್ ಅಂತ ನೀ ಕಂಡ್ ಹೇಳ್" ಎಂದರು ರಾಯರು.

ಎರಡು ಲಾರಿಗಳಲ್ಲಿ ಎರಡು ಬೋಟುಗಳು ಬಂದಿದ್ದವು. ಒಂದು ಬಿಳಿಯದು, ಇಪ್ಪತ್ತೇಳು ಅಡಿ. ಮುಂದೆ ಮಲಗಿಕೊಳ್ಳುವಷ್ಟು ಅಗಲದ ಮೆತ್ತೆ, ಹಿಂದೆ ಸಣ್ಣ ಫ್ರಿಜ್ಜು, ಸುತ್ತಲೂ ಹಿಡಿದುಕೊಳ್ಳಲು ಸ್ಟೀಲಿನ ಕಂಬಿ, ಎರಡು ಎಂಜಿನ್. ಇನ್ನೊಂದು ನೀಲಿ, ಎರಡಡಿ ಗಿಡ್ಡ. ಬಣ್ಣ ಮಾಸಿತ್ತು, ಸೀಟುಗಳು ಹಲಗೆಯಂತಿದ್ದವು, ಅಗಲವೂ ಕಡಿಮೆ. ಅದರ ತಳ ಮಾತ್ರ ಕೊಡಲಿಯ ಬಾಯಿಯಂತೆ ಚೂಪಾಗಿ ಇಳಿದಿತ್ತು.

ಲೀಲಾಧರ ಎರಡು ದಿನ ಪರೀಕ್ಷೆ ಮಾಡಿದ. ನೀಲಿ ಬೋಟನ್ನು ತಟ್ಟಿ ಮುಗಿಸುವುದಕ್ಕೆ ಒಂದು ಗಂಟೆಯೂ ಹಿಡಿಯಲಿಲ್ಲ. ಎಲ್ಲ ಕಡೆ ಒಂದೇ ಸದ್ದು. ಒಳಗಿನ ಅಡ್ಡಪಟ್ಟಿಗಳನ್ನು ಮೈಗೆ ಸೇರಿಸಿ ಮ್ಯಾಟ್ ಸುತ್ತಿ ಗಟ್ಟಿ ಮಾಡಿದ್ದರು. ವಯರುಗಳನ್ನು ಕಟ್ಟು ಕಟ್ಟಿ ನಂಬರು ಬರೆದಿದ್ದರು. ತಳದ ಮುಚ್ಚಳ ತೆಗೆದರೆ ಒಣಗಿದ ವಾಸನೆ.

ಬಿಳಿ ಬೋಟಿನ ಮೇಲೆ ಕೊಡತಿ ಬಲಮೂತಿಯ ಅಡಿಯಲ್ಲಿ ನಿಂತಿತು. ಒಂದು ಮೊರದಷ್ಟು ಜಾಗ ದೊಬ್ ಎನ್ನುತ್ತಿತ್ತು. ಮೆತ್ತೆ ಎತ್ತಿ, ಟಾರ್ಚು ಹಿಡಿದು, ಮಲಗಿಕೊಂಡೇ ಒಳಗೆ ತೂರಿದ. ಅಲ್ಲಿ ಅಡ್ಡಪಟ್ಟಿ ಬೋಟಿನ ಮೈಗೆ ಸರಿಯಾಗಿ ಕೂತಿರಲಿಲ್ಲ. ತೆಳ್ಳಗೆ ಒಂದು ಪಟ್ಟಿ ಅಂಟಿಸಿ ಬಿಟ್ಟಿದ್ದರು. ಅದರ ಮೂಲೆಯಿಂದ ಕೂದಲೆಳೆಯಂಥ ಬಿರುಕೊಂದು ನಾಲ್ಕು ಬೆರಳು ಉದ್ದಕ್ಕೆ ಹೊರಟಿತ್ತು. ಬಿರುಕಿನ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಬರೆದ. ಹಿಂಬದಿಯಲ್ಲಿ ಎಂಜಿನ್ ಕೂತ ಜಾಗದ ಒಂದು ಸ್ಕ್ರೂ ತೆಗೆದು ನೋಡಿದ. ಚಹಾದ ಬಣ್ಣದ ನೀರು ಅದರ ಹಿಂದೆಯೇ ಒಸರಿತು. ಮೇಲಿನ ಡೆಕ್ಕನ್ನೂ ಕೆಳಗಿನ ಮೈಯನ್ನೂ ಸೇರಿಸಿದ್ದು ಬರೀ ಸ್ಕ್ರೂಗಳಲ್ಲಿ. ಹೊರಗೆ ಕಾಣದ ಹಾಗೆ ರಬ್ಬರಿನ ಪಟ್ಟಿ ಹೊಡೆದಿದ್ದರು. ಕೆಲವು ಸ್ಕ್ರೂಗಳು ಕಚ್ಚಿರಲೇ ಇಲ್ಲ.

ಮೂರನೆಯ ದಿನ ಸಮುದ್ರಕ್ಕೆ ಒಯ್ದರು. ಮಳೆಗಾಲದ ಉಬ್ಬರ ಇನ್ನೂ ಇಳಿದಿರಲಿಲ್ಲ. ಅಳಿವೆಯ ಬಾಯಲ್ಲಿ ತೆರೆಗಳು ಒಂದರ ಹಿಂದೆ ಒಂದು ಏಳುತ್ತಿದ್ದವು. ಎರಡು ಬೋಟನ್ನೂ ಜಿತೇಂದ್ರನೇ ನಡೆಸಿದ. ನೀಲಿ ಬೋಟು ತೆರೆಯನ್ನು ಸೀಳಿ ಮೆಲ್ಲಗೆ ಇಳಿಯುತ್ತಿತ್ತು, ಆದರೆ ಎರಡೂ ಕಡೆಯಿಂದ ನೀರು ಹಾರಿ ರಾಯರ ಅಂಗಿ ಮೈಗಂಟಿತು. ನಿಲ್ಲಿಸಿದಾಗ ಬೋಟು ಆಚೆ ಈಚೆ ಹೊಯ್ದಾಡಿ ಯಾಮಿನಿಗೆ ವಾಂತಿಯಾಯಿತು. ಬಿಳಿ ಬೋಟು ಹೊಳೆಯಲ್ಲಿ ಹಂಸದ ಹಾಗೆ ಜಾರಿತು. ಒಂದು ಹನಿಯೂ ಮೇಲೆ ಬೀಳಲಿಲ್ಲ. ಅಳಿವೆ ದಾಟಿ ಮೊದಲ ದೊಡ್ಡ ತೆರೆ ಏರಿ ಕೆಳಗೆ ಬಿದ್ದಾಗ ಮಾತ್ರ, ಗಾಳಿಗೆ ದೊಡ್ಡ ಬಾಗಿಲು ಹೊಡೆದುಕೊಂಡಂಥ ಸದ್ದು ಬಂತು. ಎರಡನೆಯ ತೆರೆಗೂ ಅದೇ ಸದ್ದು. ಒಳಗೆ ಬಿದ್ದ ನೀರು ಹೊರಗೆ ಹೋಗದೆ ಕಾಲಬುಡದಲ್ಲೇ ನಿಂತಿತು. ಲೀಲಾಧರ ಮೂತಿಯಲ್ಲಿ ಕೂತು ಅಂಗೈಯನ್ನು ನೆಲಕ್ಕೆ ಒತ್ತಿಕೊಂಡಿದ್ದ. ಪ್ರತಿ ಬಡಿತಕ್ಕೂ ನೆಲ ಒಳಕ್ಕೆ ಬಾಗಿ ಮರಳುವುದು ಅವನಿಗೆ ತಿಳಿಯುತ್ತಿತ್ತು.

ಹಿಂದಿರುಗಿದ ಮೇಲೆ ಟಾರ್ಚು ಹಿಡಿದು ಬಿರುಕನ್ನು ರಾಯರಿಗೇ ತೋರಿಸಿದ. ಅದು ಪೆನ್ಸಿಲ್ ಗೆರೆಯನ್ನು ದಾಟಿ ಒಂದು ಬೆರಳಿನಗಲ ಮುಂದೆ ಹೋಗಿತ್ತು.

"ನೀಲಿದ್ ಇಟ್ಕಣಿ ರಾಯ್ರೆ. ಇದ್ ಸಮುದ್ರಕ್ಕೆ ಆಪುದಲ್ಲ."

"ಕೂದ್ಲಷ್ಟ್ ಗೆರಿ ಮರಾಯ" ಎಂದರು ರಾಯರು. "ನೀರ್ ಹಾರಿ ಮೈಯೆಲ್ಲ ಚಂಡಿ ಆಪು ಬೋಟಿಗೆ ದುಡ್ ಕೊಟ್ ಯಾರ್ ಹತ್ತತ್ರ್? ಬಂದೋರಿಗೆ ಫೋಟೋ ತೆಗುಕೆ ಚಂದ ಇರ್ಕ್."

"ಹಂಗಾರೆ ಹೊಳಿಯಗೇ ಆಡ್ಸಿ. ಅಳಿವೆ ಮಾತ್ರ ದಾಂಟ್ಸ್‌ಬೇಡಿ."

"ಆಯ್ತ್, ಹೊಳಿಯಗೇ."

ಬಿಳಿ ಬೋಟು ಉಳಿಯಿತು. ನೀಲಿ ಬೋಟು ಲಾರಿ ಹತ್ತಿತು. ಜಿತೇಂದ್ರನ ಕೈಯ ಹದ ನೋಡಿದ್ದ ರಾಯರು ಅವನನ್ನೇ ಡ್ರೈವರನ್ನಾಗಿ ಕರೆದರು. ಹತ್ತು ಹತ್ತು ದಿನ ಆಳಸಮುದ್ರದಲ್ಲಿರುತ್ತಿದ್ದ ತಮ್ಮ ಇನ್ನು ದಿನಾ ಸಂಜೆ ಮನೆಗೆ ಬರುತ್ತಾನೆಂದು ಸುಗುಣ ಸಂತೋಷಪಟ್ಟಳು. ಲೀಲಾಧರ ಆ ಸಂತೋಷದ ಎದುರು ಏನೂ ಹೇಳಲಿಲ್ಲ.

ಎರಡು ತಿಂಗಳು ಬೋಟು ಹೊಳೆಯಲ್ಲೇ ಇತ್ತು. ಡಿಸೆಂಬರಿನ ರಜೆಗೆ ಜನ ಬಂದಾಗ, ಸೂರ್ಯ ಮುಳುಗುವುದನ್ನು ಸಮುದ್ರದ ಮೇಲಿಂದಲೇ ನೋಡಬೇಕೆಂದರು. ತೆರೆ ಕಡಿಮೆ ಇದ್ದ ದಿನ ಒಮ್ಮೆ ಅಳಿವೆ ದಾಟಿಸಿದರು. ಏನೂ ಆಗಲಿಲ್ಲ. ಮತ್ತೆ ಡಾಲ್ಫಿನ್ ನೋಡಬೇಕೆಂದರು. ಜನವರಿಯ ಹೊತ್ತಿಗೆ ಅದು ದಿನನಿತ್ಯದ ಮಾತಾಯಿತು.

ಬೋಟು ತೊಳೆಯುವ ದಿನ ಲೀಲಾಧರ ರೆಸಾರ್ಟಿನ ಜೆಟ್ಟಿಗೆ ಹೋಗಿ, ಮೆತ್ತೆ ಎತ್ತಿ, ಒಳಗೆ ತೂರಿ ನೋಡಿ ಬರುತ್ತಿದ್ದ. ಹಾಗೆ ಮಾಡೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಪ್ರತಿ ಸಲ ಬಿರುಕಿನ ತುದಿಗೆ ಹೊಸ ಗೆರೆ, ಹೊಸ ತಾರೀಕು. ನವೆಂಬರಿನಲ್ಲಿ ಅದು ಕದಲಿರಲಿಲ್ಲ. ಡಿಸೆಂಬರ್ ಕೊನೆಗೆ ಎರಡು ಬೆರಳು ಮುಂದೆ ಹೋಗಿತ್ತು. ಜನವರಿಯಲ್ಲಿ ಅಡ್ಡಪಟ್ಟಿಯ ಮೂಲೆ ಸುತ್ತಿ ಆಚೆ ಬದಿಗೆ ತಿರುಗಿತ್ತು. ಫೆಬ್ರವರಿಯಲ್ಲಿ ಉಗುರು ಹಾಕಿದರೆ ಉಗುರು ಒಳಗೆ ಇಳಿಯಿತು.

ಜಿತೇಂದ್ರನಿಗೆ ತೋರಿಸಿದ. ಜಿತೇಂದ್ರ ನಕ್ಕ.

"ಭಾವ, ನೀವ್ ಸುಮ್ನೆ ಹೆದ್ರತ್ರಿ. ನಾನ್ ತೆರಿ ಕಂಡೇ ಬಿಡುದ್. ಈ ಪೆನ್ಸಿಲ್ ಗೆರಿ ಕಂಡ್ ಮನಿಯಗ್ ಕೂಕಂಬುಕಾತ್ತಾ?"

"ನೀ ತೆರಿ ಕಾಂತೆ. ಬೋಟಿನ ಒಳ್ಗೆ ಎಂತ ಆತಿತ್ತ್ ಅಂತ ಕಾಂತಿಲ್ಯಲೆ."

ರಾತ್ರಿ ಊಟಕ್ಕೆ ಕೂತಾಗ ಸುಗುಣ ಬಡಿಸುತ್ತ ಅವನ ಮುಖ ನೋಡದೆ ಹೇಳಿದಳು: "ಅವ್ನ ಕೆಲ್ಸಕ್ಕೆ ನೀವ್ ಕಲ್ ಹಾಕ್ಬೇಡಿ. ಟ್ರಾಲರಿಗೆ ಹೋರೆ ನಂಗ್ ನಿದ್ರಿ ಬತ್ತಿಲ್ಲೆ."

ಮಾರ್ಚಿನಲ್ಲಿ ಯಾರೋ ಅತಿಥಿ ತನ್ನ ಚೀಲ ಇಡುವುದಕ್ಕೆಂದು ಮೆತ್ತೆ ಎತ್ತಿ, ಆ ಗೆರೆಗಳನ್ನೂ ತಾರೀಕುಗಳನ್ನೂ ನೋಡಿ ಇದೇನೆಂದು ಕೇಳಿದನಂತೆ. ರಾಯರು ಸಿಟ್ಟಾಗಿ ಲೀಲಾಧರನನ್ನು ಕರೆಸಿದರು. ಅದೆಲ್ಲವನ್ನೂ ಒರೆಸಿ ಬಣ್ಣ ಹೊಡೆಯಬೇಕೆಂದರು.

"ಬಣ್ಣ ಹೊಡುದಲ್ಲ ರಾಯ್ರೆ, ಅಷ್ಟ್ ಜಾಗ ಕತ್ತರ್ಸಿ ತೆಗೀಕ್. ಒಳ್ಗಿನ ಫೋಮ್ ಹಲ್ಗಿ ನೀರ್ ಕುಡ್ದಿತ್ತ್. ಒಂದ್ ತಿಂಗ್ಳ್ ಬೋಟ್ ನನ್ ಶೆಡ್ಡಿಗೆ ಬಿಡಿ, ಹೊಸ್ತ್ ಮಾಡಿ ಕೊಡ್ತೆ."

"ಸೀಸನ್ನಿನಗೆ ಒಂದ್ ತಿಂಗ್ಳಾ? ಆತಿಲ್ಲೆ."

"ಹಂಗಾರೆ ನನ್ನತ್ರ ಆತಿಲ್ಲೆ."

ಬೇರೆ ಊರಿನಿಂದ ಒಬ್ಬ ಕೆಲಸದವನು ಬಂದ. ಉಜ್ಜಿದ, ಪುಟ್ಟಿ ತುಂಬಿದ, ಬಿಳಿ ಬಣ್ಣ ಹೊಡೆದು ಎರಡೇ ದಿನಕ್ಕೆ ಹೋದ. ಅದರ ಮರುವಾರ ಲೀಲಾಧರ ಒಳಗೆ ತೂರಿ ನೋಡಿದರೆ ಬಿರುಕೂ ಇಲ್ಲ, ಗೆರೆಯೂ ಇಲ್ಲ. ಎಲ್ಲ ಹಾಲಿನಂತೆ ಬೆಳ್ಳಗೆ. ಟಾರ್ಚು ಆರಿಸಿ ಕೊಡತಿಯಲ್ಲಿ ತಟ್ಟಿದ. ಮೊರದಷ್ಟಿದ್ದ ದೊಬ್ ಸದ್ದು ಈಗ ಬಲಮೂತಿಯ ಅರ್ಧದಷ್ಟು ಹರಡಿತ್ತು. ಇಷ್ಟು ದಿನ ಬಿರುಕು ಎಲ್ಲಿಯವರೆಗೆ ಬಂದಿದೆಯೆಂದು ಕಣ್ಣಿಗಾದರೂ ಕಾಣುತ್ತಿತ್ತು. ಆ ಮೇಲೆ ಅವನಿಗೆ ನಿದ್ದೆ ಸರಿಯಾಗಿ ಬರಲಿಲ್ಲ. ಅಳಿವೆಯ ಕಡೆಯಿಂದ ತೆರೆಯ ಸದ್ದು ಜೋರಾಗಿ ಕೇಳಿದ ದಿನವೆಲ್ಲ ಎದ್ದು ಕೂರುತ್ತಿದ್ದ.

ಒಂದು ದಿನ ಕಾಗದದಲ್ಲಿ ಎಲ್ಲವನ್ನೂ ಬರೆದು ಯಾಮಿನಿಯ ಕೈಗೆ ಕೊಟ್ಟ. ಬೋಟಿನ ಚಿತ್ರ ಬಿಡಿಸಿ, ಎಲ್ಲೆಲ್ಲಿ ಯಾವ ಸದ್ದು ಎಂದು ಗುರುತು ಹಾಕಿದ್ದ. ಅವಳು ನಿಂತಲ್ಲೇ ಎರಡು ಸಲ ಓದಿದಳು.

"ಲೀಲಾಧರಣ್ಣ, ಇದ್ ಒಡೀತ್ತಾ?"

"ಒಡೀತ್ತ್ ಅಮ್ಮ. ಯಾವತ್ತ್ ಅಂತ ಮಾತ್ರ ಗೊತ್ತಿಲ್ಲೆ."

ಅವಳು ಅಪ್ಪನೊಡನೆ ಜಗಳ ಮಾಡಿ ಏಪ್ರಿಲ್ ಪೂರ್ತಿ ಬೋಟು ಅಳಿವೆ ದಾಟದಂತೆ ನೋಡಿಕೊಂಡಳು. ಮೇ ಕೊನೆಯ ವಾರ ಬೈಂದೂರಿನಲ್ಲಿ ರಾಯರ ಹಳೆಯ ಪರಿಚಯದವರ ಮನೆಯ ಮದುವೆ ಬಂತು. ಬಂದ ನೆಂಟರಿಗೆ ಅಲ್ಲಿನ ಸೋಮೇಶ್ವರದ ಕಡಲತೀರದಿಂದ ಬೋಟಿನಲ್ಲಿ ಸುತ್ತು ಹಾಕಿಸಬೇಕೆಂದು ಅವರು ಕೇಳಿಕೊಂಡರು. ರಾಯರು ಒಪ್ಪಿಬಿಟ್ಟಿದ್ದರು. ಲಾರಿಯಲ್ಲಿ ಸಾಗಿಸುವುದಕ್ಕೆ ಕ್ರೇನು ಬೇಕು, ಅಲ್ಲಿ ಇಳಿಸುವುದಕ್ಕೆ ಜಾಗವಿಲ್ಲ. ಸಮುದ್ರದಲ್ಲಾದರೆ ಒಂದು ಗಂಟೆಯ ದಾರಿ. ಬೆಳಿಗ್ಗೆ ಏಳಕ್ಕೆ ಜಿತೇಂದ್ರ ಒಬ್ಬನೇ ಬೋಟು ಒಯ್ಯುವುದೆಂದಾಯಿತು. ಬೇಡವೆಂದ ಯಾಮಿನಿಯನ್ನು, ದಡದ ಹತ್ತಿರವೇ ಸುತ್ತಿಸುವುದೆಂದು ಒಪ್ಪಿಸಿ, ಹಿಂದಿನ ದಿನವೇ ಬೈಂದೂರಿಗೆ ಕಳಿಸಿದ್ದರು.

ಆ ದಿನ ಬೆಳಿಗ್ಗೆ ಸುಗುಣ ಮಾರ್ಕೆಟ್ಟಿಗೆ ಹೊರಟವಳು ಬುಟ್ಟಿ ಕೆಳಗಿಟ್ಟು ಅಂಗಳದಲ್ಲೇ ನಿಂತಳು. ಗಾಳಿ ತಿರುಗಿತ್ತು. ತೆಂಕಣ ದಿಕ್ಕಿನಲ್ಲಿ ಮೋಡ ಕಪ್ಪಾಗಿ ಕಟ್ಟಿತ್ತು.

"ಹ್ವಾಯ್" ಎಂದಳು ಗಂಡನಿಗೆ. "ನಾನ್ ಅಂದದ್ದ್ ಮನ್ಸಿನಗ್ ಇಟ್ಕಂಬೇಡಿ. ನೀವೂ ಅವ್ನ ಒಟ್ಟಿಗ್ ಹೋಯ್ನಿ."

ಲೀಲಾಧರ ಜೆಟ್ಟಿಗೆ ಹೋದ. ಹೋಗಬೇಡವೆಂದು ಮತ್ತೊಮ್ಮೆ ಹೇಳಿ ನೋಡಿದ. ಜಿತೇಂದ್ರ, ಮದುವೆಯವರು ಕಾಯುತ್ತಿದ್ದಾರೆ, ರಾಯರಿಗೆ ಮಾತು ಕೊಟ್ಟಾಗಿದೆ ಎಂದ.

"ಹಂಗಾರೆ ನಾನೂ ಬತ್ತೆ. ಲೈಫ್ ಜಾಕೆಟ್ ಹಾಕ್. ನಂಗೂ ಒಂದ್ ಕೊಡ್."

ಬೋಟು ಅಳಿವೆಯನ್ನು ಸುಲಭವಾಗಿ ದಾಟಿತು. ಭರತದ ಹೊತ್ತು, ನೀರು ತುಂಬಿ ತೆರೆಗಳು ಚಪ್ಪಟೆಯಾಗಿದ್ದವು. ದಡ ಬಲಗಡೆಗಿಟ್ಟುಕೊಂಡು ಉತ್ತರಕ್ಕೆ ಹೊರಟರು. ಲೀಲಾಧರ ಮೆತ್ತೆ ಎತ್ತಿ ಒಳಗೆ ಕೈ ಚಾಚಿ, ಅಡ್ಡಪಟ್ಟಿಯ ಮೂಲೆಯ ಮೇಲೆ ಬೆರಳಿಟ್ಟುಕೊಂಡು ಕೂತ. ತ್ರಾಸಿ ದಾಟುವಾಗ ಎಡಹಿಂಬದಿಯಿಂದ ಉಬ್ಬರದ ತೆರೆಗಳು ಬರತೊಡಗಿದವು. ಬೋಟು ಏರಿ ಬೀಳಲಾರಂಭಿಸಿತು. ಮರವಂತೆಯ ಎದುರಿಗೆ, ಹೆದ್ದಾರಿಯ ಮೇಲೆ ಲಾರಿಗಳು ಹೋಗುವುದು ಕಾಣುತ್ತಿದ್ದಾಗ, ಅವನ ಮೊಣಕೈ ಮೇಲೆ ಏನೋ ಉದುರಿತು. ಬಿಳಿ ಬಣ್ಣದ ಹಕ್ಕಳೆ. ಮತ್ತೊಂದು ಬಡಿತಕ್ಕೆ ಇನ್ನೊಂದಿಷ್ಟು ಉದುರಿತು. ಬೆರಳಿನ ಅಡಿಯಲ್ಲಿ ಬಿರುಕು ತೆರೆದುಕೊಂಡು ಮತ್ತೆ ಮುಚ್ಚಿತು. ಪ್ರತಿ ತೆರೆಗೂ ಹಾಗೆಯೇ. ಆ ಮೇಲೆ ತಣ್ಣಗೆ ನೀರು ಕೈಗೆ ಬಂತು.

"ಜಿತ್ತು, ಸ್ಲೋ ಮಾಡ್! ಬಾಯ್ ಬಿಟ್ಟಿತ್ತ್!"

ಜಿತೇಂದ್ರ ಬಗ್ಗಿ ನೋಡಿದ. ವೇಗ ಇಳಿಸಿದ. "ವಾಪಾಸ್ ಹೋಪನಾ ಭಾವ?"

"ತಿರ್ಗಿರೆ ತೆರಿ ಎದ್ರ್ ಬತ್ತ್. ಬೇಡ. ನಾ ಹಿಂದ್ ಬತ್ತೆ, ಭಾರ ಹಿಂದಿರ್ಲಿ, ಮೂತಿ ಎತ್ಕಂಡಿರ್ಲಿ. ಕಿರಿಮಂಜೇಶ್ವರದ ದಡದ ಹೊಯ್ಗಿಗೆ ಹತ್ಸ್."

ಮೆಲ್ಲಗೆ, ಬಹಳ ಮೆಲ್ಲಗೆ ಬಂದರು. ತಳದ ನೀರೆತ್ತುವ ಪಂಪು ಹತ್ತು ನಿಮಿಷ ಓಡಿ ನಿಂತುಹೋಯಿತು. ಲೀಲಾಧರ ಫ್ರಿಜ್ಜಿನ ಡಬ್ಬ ಕಿತ್ತು ಅದರಲ್ಲೇ ನೀರು ಮೊಗೆದು ಚೆಲ್ಲಿದ. ನೀರು ಕಡಿಮೆಯಾಗಲಿಲ್ಲ. ಕಿರಿಮಂಜೇಶ್ವರದ ತೀರದಲ್ಲಿ ಕೈರಂಪಣಿ ಬಲೆ ಎಳೆಯುವವರು ಸಾಲಾಗಿ ನಿಂತಿರುವುದು ಕಂಡಿತು. ಇನ್ನೂರು ಗಜ ಇರಬೇಕು. ಅಲ್ಲಿ ತೆರೆ ಒಡೆಯುವ ಜಾಗ. ಹಿಂದಿನಿಂದ ಬಂದ ತೆರೆ ಬೋಟಿನ ಅಗಲ ಬೆನ್ನನ್ನು ಎತ್ತಿ ಮುಂದಕ್ಕೆ ತಳ್ಳಿತು. ಚಪ್ಪಟೆ ತಳಕ್ಕೆ ಹಿಡಿತವಿಲ್ಲದೆ ಬೋಟು ಅಡ್ಡ ತಿರುಗಿತು. ಬಲಮೂತಿ ನೀರಿಗೆ ಇಳಿಯಿತು. ಬಟ್ಟೆ ಹರಿದಂಥ ಉದ್ದನೆಯ ಸದ್ದು ಕೇಳಿತು. ಮುಂದಿನ ತೆರೆಗೆ ಬೋಟು ಮಗುಚಿಕೊಂಡಿತು.

ಲೀಲಾಧರ ದೂರಕ್ಕೆ ಎಸೆಯಲ್ಪಟ್ಟಿದ್ದ. ತಲೆ ಮೇಲೆತ್ತಿ ನೋಡಿದರೆ ಜಿತೇಂದ್ರನಿಲ್ಲ. ಮಗುಚಿದ ಬೋಟಿನ ಅಡಿಯಿಂದ ಯಾರೋ ಬಡಿಯುವ ಸದ್ದು ಬರುತ್ತಿತ್ತು. ಎರಡು ಸಲ ಬಡಿದು ನಿಂತಿತು. ಲೈಫ್ ಜಾಕೆಟ್ ತೇಲಿಸಿ ಅವನನ್ನು ಒಳಗೇ ಒತ್ತಿ ಹಿಡಿದಿರಬೇಕು. ಲೀಲಾಧರ ತನ್ನ ಜಾಕೆಟ್ ಕಳಚಿ ಬೋಟಿನ ಬದಿಗೆ ಈಜಿದ. ಡೆಕ್ಕೂ ಮೈಯೂ ಸೇರುವ ಜಾಗದಲ್ಲಿ ರಬ್ಬರು ಪಟ್ಟಿ ಹರಿದು ಜೋತಾಡುತ್ತಿತ್ತು. ಸ್ಕ್ರೂಗಳು ಒಂದೊಂದಾಗಿ ಕಿತ್ತು ಮೊಳದುದ್ದ ಬಾಯಿ ತೆರೆದಿತ್ತು. ಕಾಲು ಕೊಟ್ಟು ಒದ್ದ. ಇನ್ನಷ್ಟು ಕಿತ್ತಿತು. ಕೈ ಹಾಕಿ ತಡಕಾಡಿದಾಗ ಕೂದಲು ಸಿಕ್ಕಿತು. ಎಳೆದ. ಸ್ಕ್ರೂಗಳ ಮೊನೆಗೆ ಜಿತೇಂದ್ರನ ಭುಜ ಸೀಳಿತು, ಆದರೂ ಎಳೆದ. ಅಷ್ಟರಲ್ಲಿ ಬಲೆಯವರಲ್ಲಿ ಇಬ್ಬರು ಹಗ್ಗ ಕಟ್ಟಿಕೊಂಡು ಈಜಿ ಬಂದಿದ್ದರು.

ದಡದ ಮರಳಿನ ಮೇಲೆ ಜಿತೇಂದ್ರನನ್ನು ಬೋರಲು ಹಾಕಿ ನೀರು ಕಕ್ಕಿಸಿದರು. ಉಸಿರು ಬಂದದ್ದು ಬಹಳ ಹೊತ್ತಿನ ಮೇಲೆ.

ಅದೇ ಹೊತ್ತಿಗೆ ಸೋಮೇಶ್ವರದ ತೀರದಲ್ಲಿ ಮದುವೆ ಮನೆಯ ಹನ್ನೊಂದು ಮಕ್ಕಳು ಬಣ್ಣಬಣ್ಣದ ಜಾಕೆಟ್ ತೊಟ್ಟು ಸಾಲಾಗಿ ಕೂತಿದ್ದರು. ಮೊದಲ ಸುತ್ತಿಗೆ ಅವರೇ ಎಂದು ನಿಶ್ಚಯವಾಗಿತ್ತು. ಜಾಕೆಟ್ಟಿನ ದಾರಗಳನ್ನು ಯಾಮಿನಿಯೇ ಕಟ್ಟಿದ್ದಳು. ಫೋನು ಬಂದ ಮೇಲೆ ಒಂದೊಂದನ್ನೇ ಬಿಚ್ಚಲು ಹೋಗಿ, ಕೊನೆಗೆ ಗಂಟುಗಳನ್ನು ಕತ್ತರಿಸಬೇಕಾಯಿತು ಎಂದು ಅವಳೇ ಆಮೇಲೆ ಸುಗುಣಳಿಗೆ ಹೇಳಿದಳು.

ಜಿತೇಂದ್ರ ಮೂರು ವಾರ ಆಸ್ಪತ್ರೆಯಲ್ಲಿದ್ದ. ಎಡಗೈ ಭುಜದಿಂದ ಮೇಲಕ್ಕೆ ಮತ್ತೆ ಏಳಲಿಲ್ಲ. ತಾಂಡೇಲನ ಕೆಲಸ ಮುಗಿಯಿತು, ಬಂದರಿನ ಐಸ್ ಪ್ಲಾಂಟಿನಲ್ಲಿ ಕೂರುವ ಕೆಲಸ ಸಿಕ್ಕಿತು. ರಾಯರು ಆಸ್ಪತ್ರೆಗೆ ಬಂದು ಮಂಚದ ಕಾಲ ಬಳಿ ನಿಂತರು.

"ನೀ ಹೇಳಿದ್ದೆ ಲೀಲಾಧರ."

"ನಾ ಹೇಳ್ದದ್ದ್ ಸಾಕಾಯ್ಲಿಲ್ಲೆ ರಾಯ್ರೆ" ಎಂದ ಲೀಲಾಧರ. ಅದರಲ್ಲಿ ಸಿಟ್ಟಿರಲಿಲ್ಲ. ಬೋಟು ಉಳಿಸಿಕೊಂಡ ದಿನವೇ ಗಟ್ಟಿಯಾಗಿ ತಡೆಯಬೇಕಿತ್ತು, ಮೈದುನನ ಕೆಲಸ ನೋಡಿ ಬಾಯಿ ಮುಚ್ಚಿಕೊಂಡೆ ಎಂಬುದು ಅವನ ಕೊರಗಾಗಿತ್ತು. ರೆಸಾರ್ಟ್ ಮತ್ತೆ ಬೋಟು ಇಟ್ಟುಕೊಳ್ಳಲಿಲ್ಲ. ಯಾಮಿನಿ ಬಿಡಲಿಲ್ಲ.

ಬೋಟಿನ ಚೂರುಗಳು ಒಂದು ವಾರ ನಾಗೂರಿನವರೆಗೆ ದಡ ಸೇರುತ್ತಿದ್ದವು. ಲೀಲಾಧರ ಹುಡುಕಿಕೊಂಡು ಹೋದ. ಹಿಂಬದಿಯ ಒಂದು ತುಂಡಿನ ಮೇಲೆ ಸಣ್ಣ ಲೋಹದ ಬಿಲ್ಲೆಯಿತ್ತು. ಅದರಲ್ಲಿ ಅಚ್ಚಿನ ಗುರುತು, ಪಕ್ಕದಲ್ಲಿ ಹದಿನಾಲ್ಕು ಎಂಬ ಸಂಖ್ಯೆ. ಅದನ್ನು ನೋಡಿ ಅವನು ಮರಳಿನ ಮೇಲೆ ಕೂತುಬಿಟ್ಟ. ಕಾರ್ಖಾನೆಯಲ್ಲಿದ್ದವನಿಗೆ ಅದರ ಅರ್ಥ ಹೇಳಿಕೊಡಬೇಕಾಗಿರಲಿಲ್ಲ. ಅದೇ ಅಚ್ಚಿನಲ್ಲಿ ಮೊದಲು ಹದಿಮೂರು ಬೋಟುಗಳು ಎರಕವಾಗಿದ್ದವು. ಆಮೇಲೆ ಎಷ್ಟೋ.

ಯಾಮಿನಿಯ ಕೈಯಲ್ಲಿ ಬೋಟು ಮಾಡಿದವರಿಗೆ ಪತ್ರ ಬರೆಸಿದ. ಎರಡು ತಿಂಗಳ ಮೇಲೆ ಎರಡು ಸಾಲಿನ ಉತ್ತರ ಬಂತು. ಬೇರೆ ಯಾರಿಂದಲೂ ದೂರು ಬಂದಿಲ್ಲ, ಅಚ್ಚನ್ನು ಈಗಾಗಲೇ ಇನ್ನೊಬ್ಬರಿಗೆ ಮಾರಿದ್ದೇವೆ.

2013ರ ಚಳಿಗಾಲದಲ್ಲಿ ರೆಸಿನ್ ತರುವುದಕ್ಕೆ ಕಾರವಾರಕ್ಕೆ ಹೋಗಿದ್ದಾಗ, ಜೆಟ್ಟಿಯಲ್ಲಿ ಅಂಥದ್ದೇ ಬಿಳಿ ಬೋಟು ನಿಂತಿತ್ತು. ಬಿಲ್ಲೆಯ ಮೇಲೆ ಸಂಖ್ಯೆ ಒಂಬತ್ತು. ಶಾಲೆಯ ಮಕ್ಕಳು ಹತ್ತುತ್ತಿದ್ದರು. ಚಂದ್ರ ಎಂಬ ಡ್ರೈವರನಿಗೆ ವಿಷಯ ಹೇಳಿ ಅಡಿಗೆ ತೂರಿ ನೋಡಿದ. ಅಡ್ಡಪಟ್ಟಿಯ ಮೂಲೆಯಲ್ಲಿ ಬಿರುಕು ಒಂದು ಗೇಣಿತ್ತು. ಮಕ್ಕಳನ್ನು ಇಳಿಸು ಎಂದು ಬೇಡಿಕೊಂಡ. ಚಂದ್ರ ಮಾಲಿಕರನ್ನು ಕೇಳಬೇಕೆಂದ. ಕೊನೆಗೆ ಒಳಗಿನ ಹಿನ್ನೀರಿನಲ್ಲೇ ಒಂದು ಸುತ್ತು ಹಾಕಿ ಬರುತ್ತೇನೆಂದು ಮಾತು ಕೊಟ್ಟು ಹೋದ. ಬೋಟು ಹಿಂದಿರುಗುವವರೆಗೆ ಲೀಲಾಧರ ಜೆಟ್ಟಿ ಬಿಟ್ಟು ಕದಲಲಿಲ್ಲ. ಮಕ್ಕಳು ಇಳಿದರು. ಅವನ ಬಸ್ಸು ಹೋಗಿ ಎರಡು ಗಂಟೆಯಾಗಿತ್ತು.

ತಿಂಗಳ ಮೇಲೆ ಚಂದ್ರನ ಫೋನು ಬಂತು. "ನೀವು ಹೇಳಿದ್ದನ್ನ ಮಾಲಿಕರಿಗೆ ಹೇಳಿದೆ. ಅವರು ಹೆದರಿ ಬೋಟನ್ನೇ ಮಾರಿಬಿಟ್ರು."

"ಯಾರಿಗೆ?"

"ಕೇರಳದ ಕಡೆಯವರು ಯಾರೋ. ಹೆಸರು ಗೊತ್ತಿಲ್ಲ. ಹೊಸ ಬಣ್ಣ ಹೊಡೆದು ಲಾರಿಗೆ ಹಾಕಿದ್ರು."

ಲೀಲಾಧರ ಫೋನು ಇಟ್ಟ. ಸುಗುಣ ಏನಾಯಿತೆಂದು ಕೇಳಿದಳು. ಹೇಳಿದ. ಅವಳು ಮೀನು ಹೆಚ್ಚುತ್ತಿದ್ದ ಕೈ ನಿಲ್ಲಿಸಿ, "ಕೇರಳದ ಬದಿ ಸಮುದ್ರ ಹ್ಯಾಂಗಿರತ್ತ್?" ಎಂದು ಕೇಳಿದಳು.

"ಇಲ್ಲಿದ್ದಂಗೇ" ಎಂದ ಅವನು.